ರಟ್ಟಿನ ಕೀಬೋರ್ಡು

ನನ್ನ ಕೈ ನೋಡಿದವರು ಮೊದಲು ಕೇಳುವುದು, "ಗೋರಂಟಿ ಹಚ್ಕೊಂಡಿದ್ದಾ?" ಅಂತ. ಗೋರಂಟಿಯಂತೆ, ಗೋರಂಟಿ! ಬಾಳೆ ಸೊನೆ ಅದು. ಎಲೆ ಕುಯ್ದಾಗ ದಂಟಿನಿಂದ ನೀರಿನ ಹಾಗೆ ಇಳಿಯುತ್ತದೆ, ಕೈಗೆ ಹತ್ತಿದಾಗ ಅದಕ್ಕೆ ಬಣ್ಣವೇ ಇರುವುದಿಲ್ಲ. ಒಣಗಿದರೆ ಕಂದು, ಆಮೇಲೆ ಕಪ್ಪು. ಬಟ್ಟೆಗೆ ಬಿದ್ದರೆ ಬಟ್ಟೆ ಹರಿಯುವ ತನಕ ಇರುತ್ತದೆ. ಕೈಗೆ ಹತ್ತಿದರೆ ಹುಣಸೆಹಣ್ಣು, ಸೀಮೆಎಣ್ಣೆ, ಬೂದಿ, ಏನು ಹಾಕಿ ಉಜ್ಜಿದರೂ ಚರ್ಮ ಕಿತ್ತು ಬರುತ್ತದೆಯೇ ಹೊರತು ಕರೆ ಬಿಡುವುದಿಲ್ಲ. ನಮ್ಮ ಮನೆಯವರೆಲ್ಲರ ಕೈಯೂ ಹಾಗೇ. ನಮ್ಮೂರಿರುವುದು ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ. ಅಪ್ಪ ಊರವರ ಬಾಳೆ ತೋಟಗಳಲ್ಲಿ ಎಲೆ ಗುತ್ತಿಗೆ ಹಿಡಿಯುತ್ತಿದ್ದ. ನಸುಕಿಗೇ ಎದ್ದು ಅಪ್ಪ, ಅವ್ವ, ನಾನು ಎಲೆ ಕುಯ್ದು ಕಟ್ಟು ಕಟ್ಟಿ ಮೊದಲ ಬಸ್ಸಿಗೆ ಹಾಕಿದರೆ ನಂಜನಗೂಡಿನ ಹೋಟೆಲುಗಳಿಗೆ ಹೋಗುತ್ತಿತ್ತು. ಆಮೇಲೆ ನಾನು ಜಡೆ ಹಾಕಿಕೊಂಡು ಎದುರು ದಿಕ್ಕಿನ ಬಸ್ಸು ಹತ್ತಿ ನರಸೀಪುರದ ಕಾಲೇಜಿಗೆ ಹೋಗುತ್ತಿದ್ದೆ.

ಕಾಲೇಜು ಅಂದರೆ ಪಿಯುಸಿ. ಹೈಸ್ಕೂಲಿನ ಕಾಂಪೌಂಡಿನೊಳಗೇ ನಾಲ್ಕು ಕೋಣೆ ಎಬ್ಬಿಸಿ ಅದಕ್ಕೆ ಕಾಲೇಜು ಅಂತ ಬೋರ್ಡು ಬರೆಸಿದ್ದರು. ನಾನು ಕಂಪ್ಯೂಟರ್ ಸೈನ್ಸ್ ತಗೊಂಡೆ. ಯಾಕೆ ತಗೊಂಡೆ ಅಂದರೆ, ಹತ್ತನೇ ಕ್ಲಾಸಿನ ರಜೆಯಲ್ಲಿ ಪಂಚಾಯಿತಿ ಆಫೀಸಿನಲ್ಲಿ ಒಬ್ಬಳು ಹೆಂಗಸು ಕೂತು ಟಕಟಕ ಅಂತ ಹೊಡೆಯುವುದನ್ನು ನೋಡಿದ್ದೆ. ಊರಿನ ದೊಡ್ಡ ಮನುಷ್ಯರೆಲ್ಲ ಅವಳ ಮುಂದೆ ಕೈಕಟ್ಟಿ ನಿಂತಿದ್ದರು. ಅಷ್ಟು ಸಾಕಾಗಿತ್ತು ನನಗೆ.

ಅಪ್ಪ ಬೇಡ ಅನ್ನಲಿಲ್ಲ. ಆದರೆ ಒಂದು ಮಾತು ಹಾಕಿದ. "ಸೆಕೆಂಡ್ ಪಿಯುಸೀಲಿ ಫಸ್ಟ್ ಕ್ಲಾಸ್ ಬಂದ್ರೆ ಮೈಸೂರ್ಗೇ ಕಳಿಸ್ತೀನಿ ಕಣವ್ವ, ಡಿಗ್ರಿ ಓದ್ಕೋ. ಬರ್ನಿಲ್ಲ ಅಂದ್ರೆ ತಾಂಡ್ಯದ ವ್ಯಾನು ಅತ್ತು. ಆಮೇಲೆ ಅತ್ಕೊಂಡು ಕರ್ಕೊಂಡು ಕೂರಂಗಿಲ್ಲ."

ತಾಂಡ್ಯದ ವ್ಯಾನು ಅಂದರೆ ತಾಂಡ್ಯ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯ ವ್ಯಾನು. ದಿನಾ ಬೆಳಿಗ್ಗೆ ನಮ್ಮೂರ ಅರಳಿಕಟ್ಟೆ ಹತ್ತಿರ ಬಂದು ಹಾರನ್ ಹೊಡೆದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ, ಸಂಜೆ ತಂದು ಸುರಿಯುತ್ತದೆ. ನನ್ನ ಜೊತೆ ಹತ್ತನೇ ಕ್ಲಾಸು ಓದಿದವರಲ್ಲಿ ಅರ್ಧ ಜನ ಆಗಲೇ ಅದರೊಳಗಿದ್ದರು. ಫ್ಯಾಕ್ಟರಿ ಕೆಲಸ ಕೀಳು ಅಂತ ನಾನು ಯಾವತ್ತೂ ಅಂದುಕೊಂಡವಳಲ್ಲ. ಆದರೆ ನನಗೆ ಅದು ಬೇಡವಾಗಿತ್ತು. ಬೇಡ ಅಂದರೆ ಬೇಡ.

ಇನ್ನು ನಮ್ಮ ಕಂಪ್ಯೂಟರ್ ಮೇಷ್ಟ್ರ ವಿಷಯ. ಆ ಪುಣ್ಯಾತ್ಮರು ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರಂತೆ. ಟೈಪ್‌ರೈಟರು ಸತ್ತು ಕಂಪ್ಯೂಟರು ಬಂದಾಗ ಯಾವುದೋ ಕೋರ್ಸು ಮುಗಿಸಿ ನಮ್ಮ ತಲೆಯ ಮೇಲೆ ಬಂದು ಕೂತರು. ಲ್ಯಾಬನ್ನು ದೇವರ ಮನೆಯ ಹಾಗೆ ಇಟ್ಟಿದ್ದರು. ಕೆಳಗೆ ಕಾರ್ಪೆಟ್ಟು, ಕಿಟಕಿಗೆ ಪರದೆ, ಮೇಲೆ ಏಸಿ, ಮಾನಿಟರುಗಳ ಹಣೆಗೆ ಆಯುಧಪೂಜೆಯ ಕುಂಕುಮ. ಚಪ್ಪಲಿ ಬಿಟ್ಟು ಬಾಗಿಲ ಹತ್ತಿರ ಸಾಲಾಗಿ ನಿಲ್ಲಬೇಕು. ಮೇಷ್ಟ್ರು ಹೊಸ್ತಿಲ ಮೇಲೆ ಮರದ ರೂಲರ್ ಹಿಡಿದು ನಿಂತು ಒಬ್ಬೊಬ್ಬರದೇ ಕೈ ನೋಡಿ ಒಳಗೆ ಬಿಡುವರು. ಕೀಬೋರ್ಡು ಹೊಲಸಾಗಬಾರದಲ್ಲ!

ಮೊದಲ ದಿನ ನನ್ನ ಸರದಿ ಬಂದಾಗ ಕೈ ಚಾಚಿದೆ. ಅವರು ಮುಟ್ಟಲಿಲ್ಲ. ರೂಲರಿನ ತುದಿಯಿಂದ ನನ್ನ ಅಂಗೈಯನ್ನು ಮೇಲೆ ಕೆಳಗೆ ತಿರುಗಿಸಿದರು.

"ಏನಮ್ಮಾ ಇದು?"

"ಬಾಳೆ ಕರೆ ಸಾ. ಒಣಗದೆ, ಅಂಟಾಕಿಲ್ಲ."

"ಅಂಟಾಕಿಲ್ವಂತೆ!" ಅಂತ ನನ್ನ ಮಾತನ್ನೇ ಆಡಿ ತೋರಿಸಿದರು. ಒಳಗಿದ್ದವರು ನಕ್ಕರು. "ಎಮ್ಮೆ ಮೈ ತೊಳಿಯೋ ಕೈಲೆಲ್ಲಾ ಕಂಪ್ಯೂಟರ್ ಮುಟ್ಟಿದ್ರೆ ಅದು ಕಂಪ್ಯೂಟರ್ ಆಗಿರಲ್ಲಮ್ಮ, ಕೊಟ್ಟಿಗೆ ಆಗುತ್ತೆ. ವರಾಂಡಕ್ಕೆ ಹೋಗು."

ನಮ್ಮ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ. ಅದನ್ನು ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮುಂದಿನವಳ ಕೈ ನೋಡುತ್ತಿದ್ದರು.

ವರಾಂಡದಲ್ಲಿ ನಾವು ಏಳೆಂಟು ಜನ. ಇಟ್ಟಿಗೆ ಗೂಡಿನವರ ಮಕ್ಕಳು, ಗ್ಯಾರೇಜಿನಲ್ಲಿ ಕೆಲಸ ಮಾಡಿಕೊಂಡು ಓದುವವರು, ನಾನು. ನಮಗೆ ಮೇಷ್ಟ್ರು ಬೇರೆಯೇ ವಿದ್ಯೆ ಇಟ್ಟಿದ್ದರು. ಕೀಬೋರ್ಡಿನ ಚಿತ್ರವನ್ನು ಜೆರಾಕ್ಸ್ ಮಾಡಿಸಿ ರಟ್ಟಿಗೆ ಅಂಟಿಸಿದ್ದರು, ಒಬ್ಬೊಬ್ಬರಿಗೆ ಒಂದೊಂದು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಲದಲ್ಲಿ ಕೂರಬೇಕು. ಪ್ರೋಗ್ರಾಂ ಪೂರ್ತಿ ಬಾಯಿಪಾಠ ಆಗಿರಬೇಕು. ಮೇಷ್ಟ್ರು ಕಿಟಕಿಯಿಂದ "ಹೂಂ, ಶುರು" ಅಂದ ತಕ್ಷಣ ರಟ್ಟಿನ ಮೇಲೆ ಬೆರಳು ಒತ್ತಬೇಕು. ಅಕ್ಷರ, ಆವರಣ ಚಿಹ್ನೆ, ಚುಕ್ಕೆ, ಎಂಟರ್, ಎಲ್ಲ.

ಅದರಲ್ಲಿ ಒಂದು ಕಟ್ಟಾಜ್ಞೆ ಇತ್ತು. ತಲೆ ಎತ್ತಬಾರದು. ಟೈಪಿಂಗ್ ಕಾಲದಿಂದ ತಂದ ಶಾಸ್ತ್ರ ಅದು. "ತಲೆ ಎತ್ತೋನು ಟೈಪಿಸ್ಟೇ ಅಲ್ಲ" ಅನ್ನುವರು. ಬೆನ್ನ ಹಿಂದೆ ಸದ್ದಿಲ್ಲದೆ ಓಡಾಡುವರು. ಯಾರಾದರೂ ಕತ್ತು ಎತ್ತಿದ್ದು ಕಂಡರೆ ರೂಲರು ಹಿಂಗತ್ತಿಗೆ ಬೀಳುತ್ತಿತ್ತು, ತಪ್ಪು ಕೀ ಒತ್ತಿದರೆ ಬೆರಳ ಗೆಣ್ಣಿಗೆ. ನನ್ನ ಬಲಗೈ ನಡುಬೆರಳಿನ ಗೆಣ್ಣು ಈಗಲೂ ಚಳಿಗಾಲದಲ್ಲಿ ಹಿಡಿದುಕೊಳ್ಳುತ್ತದೆ. ಹೊಡೆಸಿಕೊಂಡು ಹೊಡೆಸಿಕೊಂಡು ನಾನು ಎಂಥ ಪಳಗಿದವಳಾದೆ ಅಂದರೆ, ಪಕ್ಕದಲ್ಲಿ ಹಾವು ಹರಿದರೂ ತಲೆ ಎತ್ತುತ್ತಿರಲಿಲ್ಲ. ಎತ್ತಿ ನೋಡುವುದಕ್ಕಾದರೂ ಏನಿತ್ತು ಅಲ್ಲಿ? ಎದುರಿಗಿದ್ದದ್ದು ಸುಣ್ಣದ ಗೋಡೆ.

ನನ್ನ ಪಕ್ಕ ಕೂರುತ್ತಿದ್ದವಳು ನರಸೀಪುರದ ಕೇರಿಯವಳು. ಅವಳ ಕೈ ತೊಳೆದ ಅಕ್ಕಿಯ ಹಾಗೆ ಬಿಳಿಚಿಕೊಂಡಿತ್ತು, ಉಗುರಲ್ಲಿ ಒಂದು ಗೆರೆ ಕೊಳೆ ಇರಲಿಲ್ಲ. ಆದರೂ ಬಾಗಿಲಲ್ಲಿ ಮೇಷ್ಟ್ರು ಅವಳಿಗೆ, "ಇನ್ನೊಂದ್ ಸಲ ತೊಳ್ಕೊಂಡ್ ಬಾರಮ್ಮ" ಅನ್ನುತ್ತಿದ್ದರು. ತೊಳೆದು ಬಂದರೆ, "ಸೋಪ್ ಹಾಕ್ದ್ಯಾ?" ಅನ್ನುವರು. ಸೋಪು ಹಾಕಿ ಬರುವಷ್ಟರಲ್ಲಿ ಬಾಗಿಲು ಹಾಕಿರುತ್ತಿತ್ತು. ಒಂದು ದಿನ ನಾನು ನಲ್ಲಿಯ ಹತ್ತಿರ ಕಲ್ಲಿಗೆ ಕೈ ತಿಕ್ಕಿ ತಿಕ್ಕಿ ರಕ್ತ ಬರಿಸಿಕೊಂಡಾಗ ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

"ಸುಮ್ಕಿರೇ. ನಿನ್ ಕರೆ ಉಜ್ಜಿದ್ರೆ ಯಾವತ್ತಾದ್ರೂ ಒಯ್ತದೆ. ನಂದ್ ಎಲ್ಲಿ ಉಜ್ಜಾನ ಏಳು?"

ಮೊದಲ ವರ್ಷ ಮುಗಿಯುವುದರೊಳಗೆ ಅವಳು ಆರ್ಟ್ಸಿಗೆ ಬದಲಾಯಿಸಿಕೊಂಡಳು. ನಾನು ಹಟ ಹಿಡಿದು ಉಳಿದೆ.

ಎರಡನೇ ವರ್ಷ ಶುರುವಾದಾಗ ಅಪ್ಪನಿಗೆ ವಿಷಯ ಹೇಳಿದೆ. ಹೇಳಲೇಬಾರದಿತ್ತು, ಪಾಪ. ಅಪ್ಪ ಒಂದು ಗೊನೆ ರಸಬಾಳೆ ಹೊತ್ತುಕೊಂಡು ಕಾಲೇಜಿಗೆ ಬಂದ. ರಸಬಾಳೆ ಈಗ ನಂಜನಗೂಡಿನಲ್ಲೇ ಸಿಕ್ಕುವುದು ಕಷ್ಟ, ಯಾರದೋ ತೋಟದಲ್ಲಿ ಕಾಡಿ ಬೇಡಿ ತಂದಿದ್ದ. ಮೇಷ್ಟ್ರ ಎದುರು ಹೆಗಲ ಮೇಲಿನ ಟವಲ್ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತ.

"ನಮ್ ಮಗೀನ್ ಕೈಗೆ ಅಂಟಿರೋದು ನಮ್ ಕಸುಬು ಸಾ. ವಸಿ ದೊಡ್ ಮನಸ್ ಮಾಡಿ ಒಳಕ್ ಬುಡಿ ಸಾ."

ಮೇಷ್ಟ್ರು ಗೊನೆಯನ್ನು ಬಗ್ಗಿ ಮೂಸಿ ನೋಡಿದರು. "ಒಳ್ಳೆ ಹಣ್ಣು ಕಣ್ರೀ! ಎಲ್ಲಿ ಸಿಕ್ತು? ನೋಡಿ, ನನಗೇನು ನಿಮ್ಮ ಮಗಳ ಮೇಲೆ ದ್ವೇಷಾನಾ? ಕೈ ಕ್ಲೀನ್ ಮಾಡ್ಕೊಂಡು ಬರ್ಲಿ, ನಾನೇ ಕರ್ಕೊಂಡೋಗಿ ಕೂರಿಸ್ತೀನಿ."

ಅವತ್ತಿನಿಂದ ಅವ್ವ ನನ್ನನ್ನು ತೋಟದ ಹತ್ತಿರ ಸುಳಿಯಲು ಬಿಡಲಿಲ್ಲ. ನನ್ನ ಪಾಲಿನ ಕೆಲಸವನ್ನೂ ತಾನೇ ಮಾಡಿದಳು. ಹಳೆಯ ಚರ್ಮ ಸವೆದು ಸವೆದು ಕೊನೆಗೆ ನನ್ನ ಅಂಗೈಯ ಬಣ್ಣ ನನಗೇ ಗುರುತು ಸಿಗದ ಹಾಗೆ ತಿಳಿಯಾಯಿತು. ಕುಣಿದುಕೊಂಡು ಹೋಗಿ ಬಾಗಿಲಲ್ಲಿ ಎರಡೂ ಕೈ ಚಾಚಿದೆ. ಮೇಷ್ಟ್ರು ನೋಡಿದರು. ತಿರುಗಿಸಿ ತಿರುಗಿಸಿ ನೋಡಿದರು. ತಪ್ಪು ಹಿಡಿಯಲು ಏನೂ ಸಿಗಲಿಲ್ಲ.

"ಚೆನ್ನಾಗಿದೆ. ಆದ್ರೆ ವರಾಂಡದ ಬ್ಯಾಚು ವರಾಂಡದಲ್ಲೇ ಕಣಮ್ಮ. ಮಧ್ಯದಲ್ಲಿ ಬದಲಾಯ್ಸಿದ್ರೆ ಒಳಗಿರೋರಿಗೆ ಡಿಸ್ಟರ್ಬ್ ಆಗುತ್ತೆ."

ಆ ಗೊನೆಯನ್ನು ಅವರ ಗಂಟಲಿಗೆ ತುರುಕಬೇಕು ಅನ್ನಿಸಿತು. ಏನೂ ಮಾಡಲಿಲ್ಲ. ರಟ್ಟು ಎತ್ತಿಕೊಂಡು ಗೋಡೆಗೆ ಮುಖ ಮಾಡಿ ಕೂತೆ. ಮಾರನೇ ದಿನದಿಂದ ಮತ್ತೆ ಎಲೆ ಕುಯ್ಯಲು ಹೋದೆ. ಅವ್ವ ಕೇಳಿದರೆ, "ಒಳಕ್ ಬುಟ್ರು ಕಣವ್ವ, ಈಗ ಏನೂ ಅನ್ನಾಕಿಲ್ಲ" ಅಂದೆ.

ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ಆ ರಟ್ಟಿನ ಮೇಲೆ ನನ್ನಷ್ಟು ಬೇಗ ಹೊಡೆಯುವವರು ಇಡೀ ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ಬಸ್ಸಿನಲ್ಲಿ ಕೂತಾಗ ತೊಡೆಯ ಮೇಲೆ, ಊಟಕ್ಕೆ ಕೂತಾಗ ತಟ್ಟೆಯ ಪಕ್ಕ, ಮಲಗಿದಾಗ ಚಾಪೆಯ ಮೇಲೆ ನನ್ನ ಬೆರಳು ಓಡುತ್ತಲೇ ಇದ್ದವು. ನನ್ನ ತಂಗಿ ಆಗ ಹೈಸ್ಕೂಲಿನಲ್ಲಿದ್ದಳು. "ಅಕ್ಕಂಗೆ ಗಾಳಿ ಹಿಡ್ದದೆ" ಅಂತ ಅವ್ವನಿಗೆ ಚಾಡಿ ಹೇಳುತ್ತಿದ್ದಳು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಬಂತು. ಮೈಸೂರಿನಿಂದ ಹೊರಗಿನ ಪರೀಕ್ಷಕರು ಬಂದಿದ್ದರು. ಹೊರಗಿನವರು ಬಂದ ದಿನ ಕೈ ನೋಡುವ ಶಾಸ್ತ್ರ ಇಲ್ಲ! ಮೇಷ್ಟ್ರು ಬಾಗಿಲಲ್ಲಿ ನಿಂತು ವರಾಂಡದವರಿಗೂ "ಬನ್ನಿ ಬನ್ನಿ, ಹೆದರ್ಕೋಬೇಡಿ" ಅಂತ ಮಾವನ ಮನೆಯವರನ್ನು ಕರೆದ ಹಾಗೆ ಕರೆದರು. ಎರಡು ವರ್ಷದಲ್ಲಿ ನಾನು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಕಾರ್ಪೆಟ್ಟು ಅಂಗಾಲಿಗೆ ಕಚಗುಳಿ ಇಟ್ಟಿತು. ಏಸಿಗೆ ಮೈ ಜುಮ್ಮೆಂದಿತು.

ಮೊದಲು ಪ್ರೋಗ್ರಾಂ ಅನ್ನು ಉತ್ತರ ಪತ್ರಿಕೆಯಲ್ಲಿ ಬರೆಯಬೇಕು. ಬರೆದೆ. ಆಮೇಲೆ ಅದನ್ನೇ ಕಂಪ್ಯೂಟರಿನಲ್ಲಿ ಹೊಡೆದು, ಓಡಿಸಿ, ಬಂದ ಉತ್ತರವನ್ನು ಪರೀಕ್ಷಕರಿಗೆ ತೋರಿಸಬೇಕು. ಮೂಲೆಯ ಒಂದು ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿದರು. ನಾನು ತಲೆ ಬಗ್ಗಿಸಿದೆ, ಬೆರಳು ಇಟ್ಟೆ, ಶುರು ಮಾಡಿದೆ.

ಅಯ್ಯೋ, ಆ ಸುಖ! ರಟ್ಟಿನ ಕೀ ಒತ್ತಿದರೆ ಒಳಗೆ ಹೋಗುವುದಿಲ್ಲ. ಇದು ಬೆರಳಿನ ಕೆಳಗೆ ಮೆತ್ತಗೆ ಇಳಿದು ಮತ್ತೆ ಮೇಲೆ ಬರುತ್ತಿತ್ತು. ಟಕ್ ಟಕ್ ಅಂತ ಸದ್ದು ಬರುತ್ತಿತ್ತು. ಪಂಚಾಯಿತಿ ಆಫೀಸಿನಲ್ಲಿ ಕೇಳಿದ ಸದ್ದೇ ಅದು. ನನ್ನ ಕೈಯಿಂದ ಬರುತ್ತಿತ್ತು. ಅಕ್ಕಪಕ್ಕದವರು ಹುಡುಕಿ ಹುಡುಕಿ ಒಂದೊಂದೇ ಅಕ್ಷರ ಒತ್ತುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ನಾನು ಒಂದೇ ಉಸಿರಿಗೆ ಹೊಡೆದೆ. ಒಂದು ಚುಕ್ಕೆ ತಪ್ಪಲಿಲ್ಲ, ಒಂದು ಜಾಗ ಬಿಡುವುದು ತಪ್ಪಲಿಲ್ಲ. ಕೊನೆಯ ಎಂಟರ್ ಒತ್ತಿ ಕೈ ತೊಡೆಯ ಮೇಲಿಟ್ಟುಕೊಂಡು, ತಲೆ ಬಗ್ಗಿಸಿಕೊಂಡೇ ಕೂತೆ. ಫಸ್ಟ್ ಕ್ಲಾಸು ನನ್ನ ಮಡಿಲಿಗೆ ಬಿತ್ತು ಅಂದುಕೊಂಡೆ. ಮೈಸೂರಿನ ಹಾಸ್ಟೆಲಿಗೆ ಯಾವ ಟ್ರಂಕು ತೆಗೆದುಕೊಂಡು ಹೋಗುವುದು ಅಂತ ಕೂಡ ಯೋಚಿಸಿದೆ.

ಬೆನ್ನ ಹಿಂದೆ ಪರೀಕ್ಷಕರು ಬಂದು ನಿಂತರು. "ಏನಮ್ಮಾ ಇದು? ಇನ್ನೂ ಓಪನ್ನೇ ಮಾಡಿಲ್ವಲ್ಲ?"

ಆಗ ತಲೆ ಎತ್ತಿದೆ. ಎದುರಿಗೆ ಪ್ರೋಗ್ರಾಂ ಇರಲಿಲ್ಲ. ಬೆಟ್ಟ, ಕೆರೆ ಇರುವ ಒಂದು ಚಿತ್ರ, ಅದರ ನಡುವೆ ಒಂದು ಉದ್ದನೆಯ ಖಾಲಿ ಪಟ್ಟಿ, ಅದರ ಕೆಳಗೆ ಇಂಗ್ಲಿಷಿನಲ್ಲಿ ಪಾಸ್‌ವರ್ಡ್ ತಪ್ಪು ಅಂತ ಬರೆದಿತ್ತು. ಬೆಳಿಗ್ಗೆಯಿಂದ ಯಾರೂ ಮುಟ್ಟದೆ ಇದ್ದ ಆ ಕಂಪ್ಯೂಟರು ತನಗೆ ತಾನೇ ಬೀಗ ಹಾಕಿಕೊಂಡಿತ್ತು. ಪಾಸ್‌ವರ್ಡ್ ಹೊಡೆದರೆ ಮಾತ್ರ ತೆರೆದುಕೊಳ್ಳುವುದು. ನಾನು ಇಡೀ ಪ್ರೋಗ್ರಾಂ ಅನ್ನು ಆ ಪಟ್ಟಿಯೊಳಗೆ ಹೊಡೆದಿದ್ದೆ. ಒಂದೊಂದು ಸಾಲು ಮುಗಿಸಿ ಎಂಟರ್ ಒತ್ತಿದಾಗಲೂ ಅದು ತಪ್ಪು, ತಪ್ಪು ಅಂತ ನನಗೆ ಹೇಳುತ್ತಲೇ ಇತ್ತು. ನಾನು ನೋಡಲಿಲ್ಲ. ನೋಡಿದರೆ ಹಿಂಗತ್ತಿಗೆ ರೂಲರು ಬೀಳುತ್ತದೆ ಅಂತ ನನ್ನ ಕತ್ತಿಗೆ ಗೊತ್ತಿತ್ತು.

"ಪಾಸ್‌ವರ್ಡ್ ಗೊತ್ತಿಲ್ವಾ ನಿನಗೆ?" ಪರೀಕ್ಷಕರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಪಾಸ್‌ವರ್ಡ್ ಏನು ಮಹಾ ಗುಟ್ಟಲ್ಲ. ಕಾಲೇಜಿನ ಹೆಸರೇ. ಒಳಗೆ ಕೂತವರು ಎರಡು ವರ್ಷ ದಿನಾ ಹೊಡೆದದ್ದು. ರಟ್ಟಿಗೆ ಪಾಸ್‌ವರ್ಡ್ ಯಾಕೆ ಬೇಕು? ವರಾಂಡದ ನಮಗೆ ಅದನ್ನು ಯಾರೂ ಹೇಳಿರಲಿಲ್ಲ.

"ಪ್ರೋಗ್ರಾಂ ಸರಿಯಾಗದೆ ಸಾ" ಅಂದೆ. "ಪೂರ್ತಿ ಹೊಡ್ದಿವ್ನಿ ಸಾ. ಇನ್ನೊಂದ್ ಸಲ ಹೊಡೀತೀನಿ, ಬೇಗ ಹೊಡೀತೀನಿ ಸಾ."

ಪರೀಕ್ಷಕರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಬಂದು ಸ್ಕ್ರೀನ್ ನೋಡಿದರು, ನನ್ನನ್ನು ನೋಡಿದರು. ಆಮೇಲೆ ನಗು ಶುರುವಾಯಿತು ಅವರಿಗೆ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಾರ್, ಪ್ರೋಗ್ರಾಂನೇ ಪಾಸ್‌ವರ್ಡ್ ಅಂತ ಹೊಡ್ದಿದಾಳೆ ಸಾರ್! ಇಂಥವರನ್ನ ಕಟ್ಕೊಂಡು ನಾನು ಏಗಬೇಕು ನೋಡಿ!" ಪರೀಕ್ಷಕರೂ ನಕ್ಕರು. ಲ್ಯಾಬು ಪೂರ್ತಿ ನಕ್ಕಿತು. "ಟೈಮಾಯ್ತು, ಏಳಮ್ಮ. ಮುಂದಿನ ಬ್ಯಾಚು ಕಾಯ್ತಾ ಇದೆ."

ಎದ್ದೆ. ಕುರ್ಚಿಯ ಕಾಲಿಗೆ ಎಡವಿದೆ. ಅದಕ್ಕೂ ನಕ್ಕರು.

ಬರೆದದ್ದಕ್ಕೆ ಅಂಕ ಬಂತು, ಓಡಿಸಿ ತೋರಿಸಬೇಕಾದದ್ದಕ್ಕೆ ಸೊನ್ನೆ. ರಿಸಲ್ಟು ಬಂದಾಗ ಪಾಸಾಗಿದ್ದೆ, ಫಸ್ಟ್ ಕ್ಲಾಸು ಕೂದಲೆಳೆಯಲ್ಲಿ ತಪ್ಪಿತ್ತು. ಆ ಸೊನ್ನೆ ಇಲ್ಲದಿದ್ದರೆ ಬಂದಿರುತ್ತಿತ್ತು. ಅಪ್ಪ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು.

"ಎಲ್ ತಪ್ತವ್ವ?"

"ಕಂಪ್ಯೂಟ್ರು ಕೆಟ್ಟೋಗಿತ್ತು ಕಣಪ್ಪ."

ಅಪ್ಪ ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಆಮೇಲೆ, "ಆಡಿದ್ ಮಾತು ಆಡ್ಬುಟ್ಟಿವ್ನಿ. ಚಿಕ್ಕೋಳೂ ಅವಳೆ. ಇಬ್ರುನ್ನೂ ಓದ್ಸಾಕ್ ನನ್ ಕೈಲಾಗಾಕಿಲ್ಲ" ಅಂದ. ನಾನು ತಾಂಡ್ಯದ ವ್ಯಾನು ಹತ್ತಿದೆ.

ಫ್ಯಾಕ್ಟರಿಯಲ್ಲಿ ತಿಂಡಿ ಪೊಟ್ಟಣಗಳನ್ನು ಡಬ್ಬಕ್ಕೆ ತುಂಬುವ ಕೆಲಸ. ಅಲ್ಲಿ ಎಲ್ಲರಿಗೂ ಗ್ಲೌಸು. ಹಾಕಿಕೊಂಡರೆ ಯಾರ ಕೈಯ ಬಣ್ಣವೂ ಕಾಣುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಆ ಮಟ್ಟಿಗೆ ಅಲ್ಲಿಯವರು ಮನುಷ್ಯರು.

ತಂಗಿ ಹತ್ತನೇ ಕ್ಲಾಸು ಮುಗಿಸಿ ಅದೇ ಕಾಲೇಜಿಗೆ ಸೇರಿದಳು. ಅವಳಿಗೂ ಕಂಪ್ಯೂಟರೇ ಬೇಕಂತೆ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಒಂದೇ ಮಾತು ಹೇಳಿದೆ. "ನೀನು ತೋಟಕ್ಕೆ ಕಾಲ್ ಮಡಗ್ಕೂಡ್ದು. ಒಂದ್ ಎಲೇನೂ ಮುಟ್ಕೂಡ್ದು. ಮುಟ್ಟುದ್ರೆ ಕೈ ಮುರ್ದಾಕ್ಬುಡ್ತೀನಿ." ಅವಳ ಪಾಲಿನ ಎಲೆ, ನನ್ನ ಪಾಲಿನ ಎಲೆ ಎರಡನ್ನೂ ನಾನೇ ಕುಯ್ದು ವ್ಯಾನಿಗೆ ಓಡುತ್ತಿದ್ದೆ. ಅವಳು ಎದ್ದು ಮುಖ ತೊಳೆದು ಬಿಳೀ ಕೈಯಲ್ಲಿ ಕಾಫಿ ಕುಡಿಯುವುದನ್ನು ನೋಡಿದರೆ ನನಗೆ ಹೊಟ್ಟೆ ತುಂಬುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಒಂದೊಂದು ದಿನ ಹೊಟ್ಟೆ ಉರಿಯುತ್ತಲೂ ಇತ್ತು.

ಲ್ಯಾಬು ಶುರುವಾದ ದಿನ ಸಂಜೆ ವ್ಯಾನು ಇಳಿದವಳು ಚಪ್ಪಲಿಯನ್ನೂ ಬಿಡದೆ ಕೇಳಿದೆ, "ಕೈ ನೋಡುದ್ರಾ?"

"ಊಂ, ನೋಡುದ್ರು."

"ಏನಂದ್ರು?"

"ಏನಂತಾರೆ? ಒಳಕ್ ಓಗು ಅಂದ್ರು."

ಗೆದ್ದೆ ಅನ್ನಿಸಿತು. ಅವತ್ತು ಅವ್ವ ಮುದ್ದೆ, ಉಪ್ಪೆಸರು ಮಾಡಿದ್ದಳು. ನಾಲ್ಕೂ ಜನ ಕೂತು ಉಣ್ಣುತ್ತಿದ್ದಾಗ ತಂಗಿ ತಾನಾಗಿಯೇ ನಗಲು ಶುರು ಮಾಡಿದಳು.

"ಅಕ್ಕೋ, ನಮ್ ಮೇಷ್ಟ್ರು ಒಂದ್ ಕತೆ ಯೋಳುದ್ರು ಕಣಕ್ಕ, ನಕ್ಕೂ ನಕ್ಕೂ ಸಾಕಾಯ್ತು. ಎಲ್ಲಾ ವರ್ಸದೋರ್ಗೂ ಯೋಳ್ತಾರಂತೆ, ಮೊದಲ್ನೇ ದಿವ್ಸ. ಯಾವ್ಳೋ ಒಬ್ಳು ಇದ್ಲಂತೆ, ಪ್ರಾಕ್ಟಿಕಲ್‌ನಲ್ಲಿ ಪಾಸ್‌ವರ್ಡ್ ಹೊಡಿಯೋ ಜಾಗ್ದಲ್ಲಿ ಪ್ರೋಗ್ರಾಂ ಪೂರ್ತಿ ಹೊಡ್ದು, ತಲೆ ಬಗ್ಗಿಸ್ಕೊಂಡು ಗೊಂಬೆ ಕೂತಂಗೆ ಕೂತಿದ್ಲಂತೆ! ಅದುಕ್ಕೇ ಮೊದ್ಲು ತಲೆ ಎತ್ತಿ ನೋಡಿ, ಆಮೇಲೆ ಕೈ ಇಡಿ ಅಂತ ನಮ್ಗೆ ಯೋಳ್ಕೊಟ್ರು."

ಈಗ ತಲೆ ಎತ್ತಿ ನೋಡಿ ಅನ್ನುತ್ತಾರಂತೆ, ಪುಣ್ಯಾತ್ಮರು!

ಅಪ್ಪನಿಗೆ ಪಾಸ್‌ವರ್ಡ್ ಅಂದರೆ ಏನೆಂದು ಗೊತ್ತಿಲ್ಲ. ಅವಳು ಕತ್ತು ಬಗ್ಗಿಸಿ, ಬಾಯಿ ಕಚ್ಚಿಕೊಂಡು ಕೂತು ತೋರಿಸಿದ್ದಕ್ಕೇ ನಕ್ಕ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

"ಪ್ರೋಗ್ರಾಂ ಸರಿಯಾಗಿತ್ತಂತಾ?" ಅಂದೆ.

"ಆಂ?"

"ಆ ಹುಡ್ಗಿ ಹೊಡ್ದಿದ್ ಪ್ರೋಗ್ರಾಂ. ಅದು ಸರಿ ಇತ್ತಂತಾ?"

"ಅದ್ಯಾರ್ಗ್ ಬೇಕು ಬುಡಕ್ಕ!"

"ಸರಿ ಇತ್ತು ಕಣೇ. ಒಂದ್ ಚುಕ್ಕೆ ತಪ್ಪಿರ್ನಿಲ್ಲ. ನಾನೇ ಹೊಡ್ದಿದ್ದು."

ಅಪ್ಪನ ಕೈ ತಟ್ಟೆಯ ಮೇಲೇ ನಿಂತಿತು. ಅವ್ವ ಸೆರಗು ಇಳಿಸಿದಳು. ತಂಗಿ ನನ್ನ ಮುಖವನ್ನೇ ನೋಡಿದಳು. ಅಳುತ್ತಾಳೇನೋ, ಬಂದು ತಬ್ಬಿಕೊಳ್ಳುತ್ತಾಳೇನೋ ಅಂತ ನಾನು ಕಾದೆ. ಕಾದೆ ಅಂತ ಹೇಳಲು ಈಗ ನಾಚಿಕೆಯಾಗುತ್ತದೆ. ಅವಳ ಕಣ್ಣಲ್ಲಿ ನೀರು ಬಂತು ನಿಜ. ತಟ್ಟೆ ಸರಿಸಿ ಹತ್ತಿರ ಬಂದು ನನ್ನ ಮೊಣಕೈ ಹಿಡಿದುಕೊಂಡಳು.

"ಅಕ್ಕ, ನಿನ್ ಕಾಲಿಗ್ ಬೀಳ್ತೀನಿ, ಕಾಲೇಜ್ ತಾವ್ ಮಾತ್ರ ಬರ್ಬೇಡ ಕಣಕ್ಕ. ಅವ್ಳು ನಮ್ಮಕ್ಕ ಅಂತ ಗೊತ್ತಾದ್ರೆ ನನ್ ಮಾನ ಒಯ್ತದೆ."

"ಆಯ್ತು, ಉಣ್ಣು" ಅಂದೆ. ಮುದ್ದೆ ಆರಿತ್ತು. ಅವ್ವ ಅವಳ ತಟ್ಟೆಗೆ ಇನ್ನೊಂದಿಷ್ಟು ಬಿಸಿ ಉಪ್ಪೆಸರು ಬಿಟ್ಟಳು.

ಬೆಳಿಗ್ಗೆ ಎದ್ದು ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೋದೆ. ಅವಳಿಗೆ ಅವತ್ತೂ ಲ್ಯಾಬು ಇತ್ತು.